ತಪ್ಪು ಬಾಗಿಲಿಗೆ ಬಂದ ಲಾರಿ

ನವೆಂಬರ್ 6, ಸೋಮವಾರ

ಬೆಳಿಗ್ಗೆ ಎದ್ದ ಕೂಡಲೇ ವಾರಪತ್ರಿಕೆಯ ಸಂಪಾದಕನ ಜೊತೆ ಜಗಳ. ಹೋದ ಸಂಚಿಕೆಯಲ್ಲಿ ನಾನು ಬರೆದ ಬಸ್ ಚಾಲಕರೊಬ್ಬರ ವಯಸ್ಸು ತಪ್ಪಾಗಿ ಅಚ್ಚಾಗಿದೆ, ತಿದ್ದುಪಡಿ ಹಾಕಿ ಎಂದೆ. "ಅಲ್ಲ ಬೊಮಿ, ವಯಸ್ಸು ಎರಡು ವರ್ಷ ಜಾಸ್ತಿಯಾದ್ರೆ ಆ ಮನುಷ್ಯ ಏನು ಸತ್ತೋಗ್ತಾನಾ?" ಎಂದ. ಸಾಯುವುದಿಲ್ಲ, ಆದರೆ ತಪ್ಪು ತಪ್ಪೇ. ಅರ್ಧ ಗಂಟೆ ಕಾಡಿದ ಮೇಲೆ ಒಪ್ಪಿಕೊಂಡ. ಆ ಆಫೀಸಿನಲ್ಲಿ ನನಗೆ 'ತಿದ್ದುಪಡಿ ತಾಕ್' ಎಂದು ಹೆಸರಿಟ್ಟಿದ್ದಾರೆ. ತಾಕ್ ಬೊಮಿ ಎಂಬ ಹೆಸರಿಗೆ ಇದಕ್ಕಿಂತ ಕೆಟ್ಟ ಅಡ್ಡಹೆಸರು ಇಡಬಹುದಿತ್ತು, ಅಷ್ಟು ಬುದ್ಧಿ ಅವರಿಗಿಲ್ಲ.

ಮಧ್ಯಾಹ್ನ ಪಂಗ್ಯೊಗೆ ಹೋದೆ. ಅಲ್ಲಿ ನಾನು ಬೊಮಿಯಲ್ಲ. ಗೇಮ್ ಕಂಪನಿಗಳ ಆ ಬೀದಿಯಲ್ಲಿ ನಾನು ಯೊನ್ ದಾಲ್ರೆ, ಆಟಗಳ ಬಗ್ಗೆ ಬರೆಯುವ ಹೆಂಗಸು. ಪರ್ಸಿನಲ್ಲಿ ಎರಡು ಬಗೆಯ ವಿಸಿಟಿಂಗ್ ಕಾರ್ಡುಗಳಿವೆ. ರಾಜಕೀಯ, ಕಾರ್ಮಿಕರು, ಧರಣಿ ಎಲ್ಲ ಬೊಮಿಯ ಪಾಲು. ಗೇಮು ದಾಲ್ರೆಯ ಪಾಲು. ಗೇಮ್ ಆಡುವವರಿಗೆ ರಾಜಕೀಯ ಬರೆಯುವವರನ್ನು ಕಂಡರೆ ಆಗುವುದಿಲ್ಲ, ನಮ್ಮ ಆಟದೊಳಗೆ ಸಿದ್ಧಾಂತ ತುರುಕಲು ಬಂದರು ಎಂದು ಮೈಮೇಲೆ ಬೀಳುತ್ತಾರೆ. ರಾಜಕೀಯ ಓದುವವರಿಗೋ ಗೇಮ್ ಎಂದರೆ ಮಕ್ಕಳಾಟ. ಇಬ್ಬರಿಗೂ ನಾನು ಒಬ್ಬಳೇ ಎಂದು ಗೊತ್ತಾದರೆ ಎರಡೂ ಕಡೆಯ ಅನ್ನಕ್ಕೆ ಕಲ್ಲು.

ಈಗ ಗಲಾಟೆ ಇರುವುದು 'ಚಂದ್ರನ ಒರಳು' ಆಟದ್ದು. ಚಂದ್ರನ ಮೇಲೆ ಮೊಲಗಳು ಅಕ್ಕಿಹಿಟ್ಟು ಕುಟ್ಟುತ್ತವೆ, ಅಷ್ಟೇ ಆಟ. ಜನ ಒಂಬತ್ತು ವರ್ಷಗಳಿಂದ ಒಂದೊಂದು ಮೊಲ ಸಾಕಿಕೊಂಡಿದ್ದಾರೆ. ಹೊಸ ಅಂಗಿ ಕೊಳ್ಳದ ಹಳೆಯ ಮೊಲಗಳನ್ನು ಇನ್ನು ಮುಂದೆ ಶಾಶ್ವತವಾಗಿ ಮಲಗಿಸುತ್ತೇವೆ ಎಂದು ಕಂಪನಿ ಹೇಳಿದೆ. ಅದಕ್ಕೆ ಆಟಗಾರರು ಲಾರಿ ಕಳಿಸಿದ್ದಾರೆ. ಲಾರಿ ಎಂದರೆ ಮೂರು ಕಡೆ ಎಲ್‌ಇಡಿ ಪರದೆ ಇರುವ ಬಾಡಿಗೆ ಲಾರಿ. ಆಡುವವರೆಲ್ಲ ಹಗಲು ಕೆಲಸದಲ್ಲಿರುತ್ತಾರೆ, ಬಂದು ನಿಲ್ಲಲು ರಜೆ ಎಲ್ಲಿ ಸಿಗಬೇಕು? ಅವರ ಸಿಟ್ಟನ್ನು ಈ ಲಾರಿ ತಂದು ಕಂಪನಿಯ ಬಾಗಿಲಲ್ಲಿ ನಿಲ್ಲಿಸುತ್ತದೆ. ಕೂಗುವುದನ್ನೂ ಬಾಡಿಗೆಗೆ ಕೊಟ್ಟ ಜನ ನಾವು.

ಚಾಲಕನೊಬ್ಬನೇ ಇದ್ದ. ಹೆಸರು ಪ್ಯೊ, ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು, ಕಿವಿ ಮುಚ್ಚುವ ಟೊಪ್ಪಿ. ದಾಲ್ರೆಯ ಕಾರ್ಡು ಕೊಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಹೋದ ತಿಂಗಳು ಮೇಯರ್ ಕಚೇರಿ ಮುಂದೆ ಕೊಟ್ಟಿದ್ದ ಕಾರ್ಡಲ್ಲಿ ಬೇರೆ ಹೆಸರಿತ್ತಲ್ಲ, ರಿಪೋರ್ಟರಮ್ಮ?"

ಅವತ್ತಿನ ಲಾರಿಯೂ ಇವನದೇ! ನನ್ನ ಮುಖ ಹೇಗಾಗಿತ್ತೋ, ಅವನಿಗೆ ಪಾಪ ಅನ್ನಿಸಿರಬೇಕು. ಕಾರ್ಡನ್ನು ಟೊಪ್ಪಿಯೊಳಗೆ ಸಿಕ್ಕಿಸಿಕೊಂಡು, "ನನಗ್ಯಾಕೆ ಬಿಡಿ. ನನ್ನ ಲಾರಿಗೂ ದಿನಕ್ಕೊಂದು ಹೆಸರು" ಎಂದ. ನಂಬಬಹುದೋ ಇಲ್ಲವೋ ಗೊತ್ತಿಲ್ಲ. ಇಂಥ ಟೊಪ್ಪಿ ಹಾಕುವವರನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ.

ನವೆಂಬರ್ 8, ಬುಧವಾರ

ಹಾನ್‌ಬ್ಯೊಲ್ ವಿಶ್ವವಿದ್ಯಾಲಯದ ಗೇಟಿನಲ್ಲಿ ಸ್ವಚ್ಛತಾ ಕೆಲಸದ ಹೆಂಗಸರ ಧರಣಿ. ಇವತ್ತು ನಾನು ಬೊಮಿ. ಗೇಟಿನ ಎದುರು ನಿಂತಿದ್ದ ಲಾರಿ ನೋಡಿ ನಗು ಬಂತು. ಅದೇ ಲಾರಿ, ಅದೇ ಟೊಪ್ಪಿ. ಪರದೆಯ ಮೇಲೆ ಮಾತ್ರ ಮೊಲದ ಬದಲು, ಕೆಳಗೆ ಸಣ್ಣಗೆ ವಿಶ್ವವಿದ್ಯಾಲಯದ ಹೆಸರು, ಮೇಲೆ ದೊಡ್ಡದಾಗಿ, 'ಕಕ್ಕಸಿನ ಪಕ್ಕ ಕೂತು ಅನ್ನ ತಿನ್ನುತ್ತಿದ್ದೇವೆ. ಕೂರಲು ಒಂದು ಕೋಣೆ ಕೊಡಿ.'

ಪ್ಯೊ ಕಿಟಕಿ ಇಳಿಸಿ ಮೆಲ್ಲಗೆ ಕೇಳಿದ, "ಇವತ್ತು ಯಾರು?"

"ಬೊಮಿ."

"ಸರಿ ಬೊಮಿ ಅವರೇ, ಬಾರ್ಲಿ ಚಹಾ ಇದೆ. ದಾಲ್ರೆ ಅವರಿಗೂ ಒಂದು ಲೋಟ ಉಳಿಸ್ತೀನಿ."

ಮಾತಿನ ಮಲ್ಲ. ಯಾವ ಪ್ರತಿಭಟನೆಯವರು ಊಟ ಹಾಕುತ್ತಾರೆ, ಯಾರು ಹಾಕುವುದಿಲ್ಲ ಎಂದು ಇವನ ಹತ್ತಿರ ದೊಡ್ಡ ಪುರಾಣವೇ ಇದೆ. ಹಾಡುಗಾರರ ಅಭಿಮಾನಿಗಳು ಕೇಕ್ ಕಳಿಸುತ್ತಾರಂತೆ, ರಾಜಕೀಯ ಪಕ್ಷದವರು ಕೈ ಕುಲುಕಿ ಹೋಗುತ್ತಾರಂತೆ, ಗೇಮಿನವರು, ತಮ್ಮನ್ನು ಮೊಲಗಳೆಂದೇ ಕರೆದುಕೊಳ್ಳುವವರು, ಒಬ್ಬರೂ ಬರುವುದಿಲ್ಲವಂತೆ. "ಒಂದು ಸಲನಾದ್ರೂ ಒಂದು ಮೊಲದ ಮುಖ ನೋಡ್ಬೇಕು ಅಂತ ಆಸೆ ನನಗೆ" ಎಂದ. ಧರಣಿ ಮುಗಿದು ಹೆಂಗಸರೆಲ್ಲ ಹೋದರೂ ನಮ್ಮ ಮಾತು ಮುಗಿದಿರಲಿಲ್ಲ. ಕತ್ತಲಾಯಿತೆಂದು ಗಡಿಬಿಡಿಯಲ್ಲಿ ಪರದೆ ಆರಿಸಿ ಹೊರಟ. ನಾಳೆ ಬೆಳಿಗ್ಗೆ ಮತ್ತೆ ಪಂಗ್ಯೊ ಅಂತೆ. ನಾನೂ ಅಲ್ಲಿಗೇ ಹೋಗಬೇಕಿತ್ತು ಹೇಗೂ.

ಬಾರ್ಲಿ ಚಹಾ ಸ್ವಲ್ಪ ಸೀದಿತ್ತು. ಹಾಗಿದ್ದರೇ ರುಚಿ.

ನವೆಂಬರ್ 9, ಗುರುವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಊಟದ ಹೊತ್ತಿಗೆ ಪಂಗ್ಯೊ ತಲುಪಿದೆ. ಗೇಮ್ ಕಂಪನಿಯ ಗಾಜಿನ ಕಟ್ಟಡದ ಮುಂದೆ ಲಾರಿ ನಿಂತಿತ್ತು. ಪರದೆಯ ಮೇಲೆ, 'ಕಕ್ಕಸಿನ ಪಕ್ಕ ಕೂತು ಅನ್ನ ತಿನ್ನುತ್ತಿದ್ದೇವೆ. ಕೂರಲು ಒಂದು ಕೋಣೆ ಕೊಡಿ.'

ನಿನ್ನೆಯ ಪೆನ್‌ಡ್ರೈವ್ ಬದಲಿಸಿಯೇ ಇಲ್ಲ! ಚಾಲಕನ ಜಾಗದಲ್ಲಿ ಕೂತರೆ ಪರದೆ ಕಾಣುವುದಿಲ್ಲ. ಬೆಳಿಗ್ಗೆಯಿಂದ ಪಾಪದವನು ಒಳಗೆ ಬೆಚ್ಚಗೆ ಕೂತು ರೇಡಿಯೊ ಕೇಳುತ್ತಿದ್ದಾನೆ, ಹೊರಗೆ ಮೊಲಗಳ ಬದಲು ಕಕ್ಕಸು.

ಓಡಿಹೋಗಿ ಕಿಟಕಿ ತಟ್ಟಬೇಕು ಅನ್ನುವಷ್ಟರಲ್ಲಿ ಕಟ್ಟಡದ ಪಕ್ಕದ ಸಣ್ಣ ಬಾಗಿಲಿನಿಂದ ನಾಲ್ಕು ಜನ ಹೆಂಗಸರು ಬಂದರು. ನೀಲಿ ಜಾಕೀಟು, ರಬ್ಬರ್ ಕೈಗವಸು. ಅದೇ ಕಂಪನಿಯ ನೆಲ ಒರೆಸುವವರು. ಎಲ್ಲರಿಗಿಂತ ಗಿಡ್ಡಗಿದ್ದ ಮುದುಕಿ ಕಡಲಪಾಚಿಯ ಹಾಳೆಯಲ್ಲಿ ಅನ್ನ ಸುತ್ತಿದ ಗಿಂಬಾಪನ್ನು ಬೆಳ್ಳಿ ಕಾಗದದಲ್ಲಿ ಕಟ್ಟಿ ಹಿಡಿದುಕೊಂಡು ಕಿಟಕಿಯ ಕೆಳಗೆ ನಿಂತರು.

"ಇಳಿದು ಬಾಪ್ಪಾ, ಚಳಿಯಲ್ಲಿ ಎಷ್ಟು ಹೊತ್ತಿಂದ ನಿಂತಿದ್ದೀಯ. ಈಗ ತಾನೇ ಸುತ್ತಿದ್ದು, ಅನ್ನ ಇನ್ನೂ ಬಿಸಿ ಇದೆ."

ಪ್ಯೊ ಇಳಿದ. ಎರಡೂ ಕೈಯಲ್ಲಿ ಗಿಂಬಾಪ್ ತೆಗೆದುಕೊಂಡು ಸೊಂಟ ಬಗ್ಗಿಸಿ ನಮಸ್ಕರಿಸಿದ. ತಲೆ ಎತ್ತುವಾಗ ಪರದೆ ಕಂಡಿತು. ಮನುಷ್ಯನ ಮುಖ ಬಿಳಿಚಿಕೊಳ್ಳುವುದು ಎಂದರೆ ಏನೆಂದು ಇವತ್ತು ನೋಡಿದೆ.

"ನಮ್ಮ ಬಗ್ಗೆ ಯಾರೂ ಇಷ್ಟು ದೊಡ್ಡ ಅಕ್ಷರದಲ್ಲಿ ಬರೆದಿರ್ಲಿಲ್ಲ ನೋಡು" ಎಂದರು ಇನ್ನೊಬ್ಬ ಹೆಂಗಸು. ಫೋನ್ ತೆಗೆದು ಪರದೆಯ ಮುಂದೆ ನಿಂತು ಫೋಟೊ ಹೊಡೆಸಿಕೊಂಡರು. ಹೊಡೆದವಳು ನಾನೇ.

ಪ್ಯೊ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ತಿದ್ದುಪಡಿ ತಾಕ್ ಆ ತಪ್ಪನ್ನು ತಿದ್ದದೆ ಇನ್ನೊಂದು ಫೋಟೊ ಹೊಡೆದಳು. ಅವರೆಲ್ಲ ಒಳಗೆ ಹೋಗುವವರೆಗೂ ಕಾದು, ಅವನು ಸದ್ದಿಲ್ಲದೆ ಮೊಲಗಳನ್ನು ಹಾಕಿದ. ಆಮೇಲೆ ಲಾರಿಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಗಿಂಬಾಪ್ ತಿಂದೆವು. ಮೂಲಂಗಿ ಉಪ್ಪಿನಕಾಯಿ ಧಾರಾಳವಾಗಿ ಹಾಕಿದ್ದರು.

"ನಿನ್ನೆ ನಿಮ್ಮನ್ನು ಮಾತಲ್ಲಿ ಹಿಡಿದಿಟ್ಟಿದ್ದು ನಾನು" ಎಂದೆ.

"ಹಿಡಿದಿಟ್ಟಿದ್ದು ನೀವಲ್ಲ, ನಿಂತಿದ್ದು ನಾನು" ಎಂದ.

ನವೆಂಬರ್ 10, ಶುಕ್ರವಾರ

ಎದುರು ಕಟ್ಟಡದಲ್ಲಿ ಯಾವುದೋ ಮೊಲ ಕೆಲಸ ಮಾಡುತ್ತದೆ. ಕಕ್ಕಸಿನ ಪರದೆಯ ಫೋಟೊ ಅಂತರ್ಜಾಲದಲ್ಲಿದೆ.

ಬೆಂಕಿ ಹತ್ತಿಕೊಂಡಿದೆ. 'ಆ ಚಾಲಕ, ಕಾರ್ಮಿಕ ಸಂಘದವರಿಂದ ದುಡ್ಡು ತಿಂದಿದ್ದಾನೆ.' 'ನಮ್ಮ ಲಾರಿ ಕದ್ದು ರಾಜಕೀಯ ಮಾಡಿದರು.' 'ಆ ಕಂಪನಿಯ ಕಸಗುಡಿಸುವವರೇ ಕರೆಸಿದ್ದಾರೆ.' ಅದರ ಕೆಳಗೆ ಇನ್ನೊಂದು ಫೋಟೊ: ಲಾರಿಯ ಮೆಟ್ಟಿಲ ಮೇಲೆ ಚಾಲಕನ ಜೊತೆ ಗಿಂಬಾಪ್ ತಿನ್ನುತ್ತಿರುವ ಹಸಿರು ಮಫ್ಲರಿನ ಹೆಂಗಸು ಯಾರು? ಮುಖ ಕಾಣುವುದಿಲ್ಲ, ಪುಣ್ಯ. ಮಫ್ಲರನ್ನು ಹಾಸಿಗೆಯ ಕೆಳಗೆ ತುರುಕಿದೆ. ಪೊಲೀಸರು ಬರುತ್ತಾರೆನ್ನುವ ಹಾಗೆ!

ಮೊಲಗಳ ಮುಂದಾಳಿನ ಅಡ್ಡಹೆಸರು 'ಮೂಲಂಗಿ ದೊರೆ'. ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ದೊರೆ ದಾಲ್ರೆಗೆ ಸಂದೇಶ ಕಳಿಸಿದ್ದಾನೆ. 'ದಾಲ್ರೆ ಅವರೇ, ನೀವು ನಮ್ಮವರು. ಬೇಕಂತ ಮಾಡಿದ್ದಾ, ತಪ್ಪಾಗಿದ್ದಾ, ವಿಚಾರಿಸಿ ಬರೀರಿ. ನೀವು ಬರೆದ್ರೆ ನಾವು ನಂಬ್ತೀವಿ.'

ನಿನ್ನೆ ಮೊನ್ನೆ ಎರಡೂ ಕಡೆ ಇದ್ದವಳು ನಾನೊಬ್ಬಳೇ. ಬರೀ ತಪ್ಪು ಎಂದು ಹೇಳಬೇಕಾದರೆ ಬುಧವಾರ ಸಂಜೆ ಆ ಗೇಟಿನಲ್ಲಿ ನನಗೇನು ಕೆಲಸವಿತ್ತು ಎಂದೂ ಹೇಳಬೇಕು. ಅಲ್ಲಿಗೆ ದಾಲ್ರೆಯ ಕಥೆ ಮುಗಿಯಿತು. ಏಳು ವರ್ಷ ಸಾಕಿದ ಹೆಸರು.

ಪ್ಯೊಗೆ ಫೋನ್ ಮಾಡಿದೆ. ಇತ್ಯರ್ಥವಾಗುವವರೆಗೆ ಬರಬೇಡ ಎಂದು ಲಾರಿಯ ಧಣಿಗಳು ಕೀಲಿಕೈ ಇಸಿದುಕೊಂಡಿದ್ದಾರೆ. ಮೊಲಗಳು ಕೊಟ್ಟಿರುವ ದೂರು ಹಿಂತೆಗೆದುಕೊಳ್ಳದಿದ್ದರೆ ಕೆಲಸ ಹೋದ ಹಾಗೆಯೇ.

"ನಿಮ್ಮ ಹೆಸರು ಎಲ್ಲೂ ಹೇಳಿಲ್ಲ ನಾನು. ನೀವೂ ಹೇಳ್ಕೋಬೇಡಿ. ಒಂದು ತಪ್ಪಿಗೆ ಒಬ್ಬರು ಹಾಳಾದ್ರೆ ಸಾಕು" ಎಂದ. ಆಮೇಲೆ, "ಊಟ ಆಯ್ತಾ?" ಎಂದು ಕೇಳಿದ. ಆಗಿಲ್ಲ ಎಂದರೆ ಬೈದ.

ನವೆಂಬರ್ 11, ಶನಿವಾರ

ಊರೆಲ್ಲ ಒಬ್ಬರಿಗೊಬ್ಬರು ಚಾಕೊಲೇಟ್ ಕಡ್ಡಿ ಹಂಚುವ ದಿನ. ಎರಡು ಡಬ್ಬ ಕೊಂಡೆ. ಒಂದು ತಿಂದೆ. ಇನ್ನೊಂದು ಚೀಲದಲ್ಲೇ ಇದೆ, ಸುಮ್ಮನೆ.

ನವೆಂಬರ್ 13, ಸೋಮವಾರ

ಮನಸ್ಸು ಕೇಳಲಿಲ್ಲ. ಏನೇ ಬರೆಯುವ ಮೊದಲು ಆ ಹೆಂಗಸರಿಗೆ ನಿಜ ಹೇಳಬೇಕು ಎಂದು ಪಂಗ್ಯೊಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳುವುದು ಎಂದೇ ಯೋಚನೆ. ನಿಮಗಾಗಿ ಬಂದದ್ದಲ್ಲ, ಬೇರೆಯವರಿಗಾಗಿ ಬಂದದ್ದು ಎಂದು ಆ ಮುಖಗಳಿಗೆ ಹೇಗೆ ಹೇಳಲಿ?

ಗಿಂಬಾಪ್ ತಂದ ಮುದುಕಿಯ ಹೆಸರು ಬೊಕ್‌ಸೂನ್. ನೆಲಮಾಳಿಗೆಯಲ್ಲಿ ಹೆಂಗಸರ ಶೌಚಾಲಯದ ಕೊನೆಗೆ ಪೊರಕೆ, ಬಕೆಟ್ ಇಡುವ ಗೂಡು. ಅದರಲ್ಲಿ ರಟ್ಟು ಹಾಸಿಕೊಂಡು ನಾಲ್ಕು ಜನ ಊಟಕ್ಕೆ ಕೂತಿದ್ದರು. ನನ್ನನ್ನು ನೋಡಿ ಸರಿದು ಜಾಗ ಮಾಡಿದರು. ಕೂತೆ. ಮೊಣಕಾಲು ಬಕೆಟ್ಟಿಗೆ ತಾಗುತ್ತಿತ್ತು. ತೊದಲುತ್ತಾ ಎಲ್ಲ ಹೇಳಿದೆ.

ಬೊಕ್‌ಸೂನಮ್ಮ ತಿನ್ನುತ್ತಿದ್ದವರು ನಿಲ್ಲಿಸಲೇ ಇಲ್ಲ.

"ಗೊತ್ತಿತ್ತು ಕಣಮ್ಮ."

"ಏನು ಗೊತ್ತಿತ್ತು?"

"ಕೆಳಗೆ ಹಾನ್‌ಬ್ಯೊಲ್ ವಿಶ್ವವಿದ್ಯಾಲಯ ಅಂತ ಸಣ್ಣಕ್ಷರದಲ್ಲಿ ಬರೆದಿತ್ತಲ್ಲ. ನಮಗೇನು ಓದಕ್ಕೆ ಬರಲ್ವಾ? ಇದು ಯಾವನೋ ಅಡ್ರೆಸ್ಸು ತಪ್ಪಿ ಬಂದವನು ಅಂತ ಬೆಳಿಗ್ಗೆನೇ ಗೊತ್ತಾಯ್ತು."

"ಮತ್ತೆ ಗಿಂಬಾಪ್ ಯಾಕೆ ತಂದ್ರಿ?"

"ನೋಡಿದ್ಯೇನೇ ಇವಳ ಮಾತು!" ಎಂದು ಪಕ್ಕದವರ ತೊಡೆಗೆ ಹೊಡೆದು ನಕ್ಕರು. "ಬಾಗಿಲು ತಪ್ಪಿ ಬಂದ್ರೂ ಬಂದವರು ಬಂದವರೇ ಅಲ್ವಾ? ಚಳಿಯಲ್ಲಿ ನಿಂತಿದ್ದ. ಹಸಿದವನ ಹತ್ತಿರ, ನೀನು ಯಾರ ಕಡೆಯವನಪ್ಪಾ ಅಂತ ಕೇಳ್ತಾರಾ?"

ಇನ್ನೊಬ್ಬ ಹೆಂಗಸು ಹೇಳಿದರು, "ಬರೆದಿದ್ದು ಸುಳ್ಳೇನೂ ಅಲ್ವಲ್ಲ. ಬೇರೆಯವರ ಅಂಗಿ, ನಮ್ಮ ಅಳತೆಗೇ ಇತ್ತು."

ನನಗೆ ಅಳು ಬಂತು. ಅವರು ಕೊಟ್ಟ ಎಲೆಕೋಸಿನ ಉಪ್ಪಿನಕಾಯಿ, ಕಿಮ್ಚಿ, ಖಾರ ಎಂದೆ. ಯಾರೂ ನಂಬಲಿಲ್ಲ.

ಎದ್ದು ಹೊರಡುವಾಗ ಬೊಕ್‌ಸೂನಮ್ಮ ನನ್ನ ತೋಳು ಹಿಡಿದರು. ಈಗ ನಗು ಇರಲಿಲ್ಲ. "ಅದು ತಪ್ಪಾಗಿ ಬಂದದ್ದು ಅಂತಲೇ ಬರಿ. ಲಾರಿ ಕರೆಸಿದ್ದು ಯಾರು ಅಂತ ಮೇಲ್ವಿಚಾರಕ ಶುಕ್ರವಾರದಿಂದ ಒಬ್ಬೊಬ್ಬರನ್ನೇ ಕರೆದು ಕೇಳ್ತಿದ್ದಾನೆ. ನಾವು ಕರೆಸಿದ್ದು ಅಂತಾದ್ರೆ ಬರೋ ತಿಂಗಳು ಈ ಗೂಡೂ ಇರಲ್ಲ ನಮಗೆ."

ಅಲ್ಲಿಯವರೆಗೆ ನಾನು ಪ್ಯೊ ಒಬ್ಬನ ಬಗ್ಗೆಯೇ ಯೋಚಿಸುತ್ತಿದ್ದೆ.

ನವೆಂಬರ್ 14, ಮಂಗಳವಾರ

ಬರೆದೆ. ಬುಧವಾರ ಸಂಜೆಯಿಂದ ಶುರು ಮಾಡಿ, ಬಾರ್ಲಿ ಚಹಾ, ಕತ್ತಲು, ಬದಲಿಸದ ಪೆನ್‌ಡ್ರೈವ್, ಗಿಂಬಾಪ್, ಬಕೆಟ್ಟಿನ ಗೂಡು, ಎಲ್ಲ. ಮಫ್ಲರ್ ನನ್ನದು ಎಂದೂ ಬರೆದೆ. ಕೊನೆಯಲ್ಲಿ: ಏಳು ವರ್ಷಗಳಿಂದ ಯೊನ್ ದಾಲ್ರೆ ಎಂಬ ಹೆಸರಿನಲ್ಲಿ ಗೇಮ್ ಬಗ್ಗೆ ಬರೆಯುತ್ತಿರುವವಳು ತಾಕ್ ಬೊಮಿಯೇ.

ಸಂಪಾದಕ ಓದಿ ಗಂಟಲು ಸರಿಮಾಡಿಕೊಂಡ. "ಇದನ್ನೇ ನಗೆಬರಹ ಮಾಡಿ ಕೊಡು, ಜನ ಬಿದ್ದು ಬಿದ್ದು ಓದ್ತಾರೆ. ಆ ಕೊನೆ ಸಾಲು ತೆಗಿ. ಹಾಕಿದ್ರೆ ಪಂಗ್ಯೊದಲ್ಲಿ ಒಂದು ಕಂಪನಿನೂ ನಿನ್ನ ಒಳಗೆ ಬಿಡಲ್ಲ."

"ಇದು ತಿದ್ದುಪಡಿ. ತಿದ್ದುಪಡಿಯಲ್ಲಿ ಅರ್ಧ ಸತ್ಯ ಹಾಕೋಕಾಗಲ್ಲ" ಎಂದೆ.

"ನಿನ್ನ ಕಟ್ಕೊಂಡು ಏಗಕ್ಕಾಗಲ್ಲ ತಾಯಿ" ಎಂದ. ನಾಳೆ ಹಾಕುತ್ತಾನೆ.

ಹಾಸಿಗೆಯ ಕೆಳಗಿನಿಂದ ಮಫ್ಲರ್ ತೆಗೆದು ಕೊಡವಿದೆ.

ನವೆಂಬರ್ 16, ಗುರುವಾರ

ಕಾಲೇಜು ಪ್ರವೇಶ ಪರೀಕ್ಷೆಯ ದಿನ. ಮಕ್ಕಳಿಗೆ ತೊಂದರೆಯಾಗದಿರಲಿ ಎಂದು ವಿಮಾನಗಳು ಕೂಡ ಸುಮ್ಮನಿವೆ. ನನ್ನ ಫೋನ್ ಒಂದೇ ಸುಮ್ಮನಿಲ್ಲ. ಎರಡೂ ಕಡೆಯವರು ಸರದಿಯಲ್ಲಿ ಉಗಿಯುತ್ತಿದ್ದಾರೆ. 'ಎರಡು ನಾಲಗೆಯವಳು.' 'ಮೊಲ ಆಡಿಸುವವಳು ನಮಗೆ ನ್ಯಾಯ ಹೇಳಲು ಬಂದಳಾ?' ಎರಡು ಗೇಮ್ ಕಂಪನಿಗಳು ಮುಂದಿನ ವಾರದ ಸಂದರ್ಶನ ರದ್ದು ಮಾಡಿವೆ.

ಮೂಲಂಗಿ ದೊರೆಯಿಂದ ಏನೂ ಇಲ್ಲ. ಅದೇ ಹೆಚ್ಚು ನೋಯುತ್ತಿದೆ.

ಪ್ಯೊ ಫೋನ್ ಮಾಡಿ ಅರ್ಧ ಗಂಟೆ ಬೈದ. ಹೇಳಬೇಡಿ ಅಂದಿರಲಿಲ್ಲವಾ, ನಿಮಗೆ ಬುದ್ಧಿ ಇಲ್ಲವಾ, ಇನ್ನು ಹೊಟ್ಟೆಗೇನು ತಿನ್ನುತ್ತೀರಿ. ಕೇಳುತ್ತಾ ಕೇಳುತ್ತಾ ಎಷ್ಟೋ ದಿನಗಳ ಮೇಲೆ ಮಧ್ಯಾಹ್ನ ಚೆನ್ನಾಗಿ ನಿದ್ದೆ ಬಂತು.

ನವೆಂಬರ್ 17, ಶುಕ್ರವಾರ

ದೊರೆಯ ಸಂದೇಶ! ಹಾಗೇ ಇಳಿಸಿಕೊಳ್ಳುತ್ತೇನೆ.

'ಬೊಮಿ ಅವರೇ, ಎರಡು ದಿನ ನಿಮ್ಮ ಮೇಲೆ ಕೆಂಡದಂಥ ಸಿಟ್ಟಿತ್ತು. ನಿನ್ನೆ ಎಲ್ಲರೂ ಚಂದ್ರನ ಮೇಲೆ ಸಭೆ ಸೇರಿದ್ವಿ. ಮೊಲಗಳು ಇಷ್ಟು ಜಗಳ ಆಡಿದ್ದು ನಾನು ನೋಡಿಲ್ಲ. ಚಾಲಕನ ಮೇಲಿನ ದೂರು ಹಿಂದಕ್ಕೆ ತಗೊಂಡಿದ್ದೀವಿ. ಸೋಮವಾರ ನಮ್ಮ ಲಾರಿ ಮತ್ತೆ ಬರತ್ತೆ, ಆ ಚಾಲಕನೇ ಬರ್ಬೇಕು. ಪರದೆ ಮೇಲೆ ನಮ್ಮ ಮೊಲಗಳ ಮಾತು ಮುಗಿದ ಮೇಲೆ ಒಂದು ಸಾಲು ಆ ಅಮ್ಮಂದಿರಿಗೆ. ರಾಜಕೀಯ ಬೇಡ ಅಂತ ಅರ್ಧ ಜನ ಕೂಗಿದ್ರು. ಕೂತು ಅನ್ನ ತಿನ್ನೋದು ರಾಜಕೀಯ ಅಲ್ಲ, ಅನ್ನ ಅಂತ ಇನ್ನರ್ಧ ಜನ ಕೂಗಿದ್ವಿ. ಕೂದಲೆಳೆಯಲ್ಲಿ ಗೆದ್ವಿ. ಆ ಅಮ್ಮಂದಿರ ಒಪ್ಪಿಗೆ ನೀವೇ ಕೇಳಿ ಹೇಳ್ಬೇಕು.'

ಬೊಕ್‌ಸೂನಮ್ಮನಿಗೆ ಫೋನ್ ಮಾಡಿದೆ. "ಈ ಸಲ ಅವರ ಹೆಸರಲ್ಲೇ ಹಾಕ್ತಾರಾ? ಹಾಗಾದ್ರೆ ಮೇಲ್ವಿಚಾರಕ ಹೋಗಿ ಮೊಲಗಳನ್ನೇ ಕೇಳ್ಕೊಳ್ಳಲಿ" ಎಂದರು.

ನವೆಂಬರ್ 20, ಸೋಮವಾರ

ಲಾರಿ ಬಂತು. ಪ್ಯೊ ಇಳಿದು ಸುತ್ತಲೂ ನಡೆದು ಮೂರೂ ಕಡೆಯ ಪರದೆ ಓದಿದ. ನನ್ನ ಕೈಯಲ್ಲೂ ಓದಿಸಿದ. 'ನಮ್ಮ ಮುದಿ ಮೊಲಗಳನ್ನು ಮಲಗಿಸಬೇಡಿ.' ಆಮೇಲೆ, 'ನಿಮ್ಮ ನೆಲ ಒರೆಸುವ ಅಮ್ಮಂದಿರಿಗೆ ಕೂರಲು ಕೋಣೆ ಕೊಡಿ. ಇದು ತಪ್ಪಾಗಿ ಹಾಕಿದ್ದಲ್ಲ. — ಚಂದ್ರನ ಮೊಲಗಳು.'

ಗಾಜಿನ ಹಿಂದೆ ನೀಲಿ ಜಾಕೀಟುಗಳು ನಿಂತಿದ್ದವು. ಒಂದು ಕೈ ಒರೆಸುವ ಬಟ್ಟೆಯನ್ನು ಬೀಸಿತು.

ಇವತ್ತು ಯಾರು ಎಂದು ಪ್ಯೊ ಕೇಳಲಿಲ್ಲ. ಚಹಾ ಬಗ್ಗಿಸಿ ಕೊಟ್ಟ. ಚೀಲದಲ್ಲಿದ್ದ ಚಾಕೊಲೇಟ್ ಕಡ್ಡಿಗಳ ಡಬ್ಬ ನೆನಪಾಗಿ ಕೊಟ್ಟೆ. ಎಲ್ಲ ಮುರಿದು ಪುಡಿಯಾಗಿದ್ದವು. ಲೋಟಕ್ಕೆ ಸುರಿದುಕೊಂಡು ಚಮಚದಲ್ಲಿ ತಿಂದ. ಟೊಪ್ಪಿ ತೆಗೆದರೆ ಕಿವಿ ಸ್ವಲ್ಪ ದೊಡ್ಡವು, ಅದಕ್ಕೇ ಹಾಕಿಕೊಳ್ಳುತ್ತಾನೆ.

ನವೆಂಬರ್ 24, ಶುಕ್ರವಾರ

ಮೊಲಗಳನ್ನು ಮಲಗಿಸುವುದನ್ನು ಬೇಸಿಗೆಯವರೆಗೆ ಮುಂದೂಡಿದ್ದಾರೆ. ಅಮ್ಮಂದಿರಿಗೆ ಎರಡನೆಯ ಮಹಡಿಯಲ್ಲಿ ಕಿಟಕಿ ಇರುವ ಒಂದು ಪುಟ್ಟ ಕೋಣೆ. 'ತಾತ್ಕಾಲಿಕ' ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದಾರಂತೆ. ಬೊಕ್‌ಸೂನಮ್ಮ ಆ ಚೀಟಿಯನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರಂತೆ. "ಇನ್ನೊಂದು ವಾರದಲ್ಲಿ ಅಕ್ಷರ ಹೋಗತ್ತೆ ನೋಡು" ಎಂದರು.

ಎಲ್ಲರ ಮನೆಯಲ್ಲೂ ಚಳಿಗಾಲದ ಕಿಮ್ಚಿ ಹಾಕುವ ವಾರ. ಅಮ್ಮಂದಿರು ಕೊನೆಯ ದಿನಕ್ಕೆ ಬಂದಿದ್ದ ಲಾರಿಯ ಹತ್ತಿರ ಡಬ್ಬಗಳನ್ನು ತಂದಿಟ್ಟು, ಮೊಲಗಳಿಗೂ ಒಂದು ಡಬ್ಬ, ವಿಳಾಸ ಕೊಡಿ ಎಂದರು. ದೊರೆಗೆ ಸಂದೇಶ ಕಳಿಸಿದೆ. ಗಂಟೆಯೊಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಅಂಚೆ ಕಚೇರಿಯ ಸಮವಸ್ತ್ರದಲ್ಲೇ ಬಂದು, ದೂರದಲ್ಲಿ ನಿಂತು ಕೆಮ್ಮಿದರು.

"ನಾನು... ಮೂಲಂಗಿ ದೊರೆ."

ಇಷ್ಟು ವರ್ಷ ನಾನು ದೊರೆ ಗಂಡಸು ಅಂದುಕೊಂಡಿದ್ದೆ! ಪ್ಯೊ ಟೊಪ್ಪಿ ತೆಗೆದು ನೆಲ ಮುಟ್ಟುವಷ್ಟು ಬಗ್ಗಿದ. "ಅಂತೂ ಒಂದು ಮೊಲದ ಮುಖ ನೋಡಿದೆ" ಎಂದ. ದೊರೆಯ ಕೆನ್ನೆ ಕೆಂಪಾಯಿತು. ಬೊಕ್‌ಸೂನಮ್ಮ ಕಿಮ್ಚಿಯ ಒಂದು ಎಸಳು ಸೀಳಿ ಕೈಯಾರೆ ಬಾಯಿಗಿಟ್ಟು, "ನೀನೇನಾ ದೊರೆ? ತಿನ್ನು ದೊರೆಯೇ, ತಿಂದು ಗಟ್ಟಿಯಾಗು" ಎಂದರು. ದೊರೆ ಅಗಿಯುತ್ತಾ ಅತ್ತುಬಿಟ್ಟರು. ನನ್ನ ಹಾಗೆಯೇ, ಖಾರ ಎಂದರು.

ಕೊನೆಗೆ ಉಳಿದದ್ದು ಒಂದೇ ಡಬ್ಬ, ದೊಡ್ಡದು. ಬೊಕ್‌ಸೂನಮ್ಮ ಅದನ್ನು ಪ್ಯೊ ಮತ್ತು ನನ್ನ ನಡುವೆ ಇಟ್ಟರು.

"ನಿಮ್ಮಿಬ್ಬರಿಗೆ ಒಂದೇ ಹಾಕಿದ್ದೀನಿ. ಗಂಡ ಹೆಂಡತಿಗೆ ಚಳಿಗಾಲ ಪೂರ್ತಿ ಸಾಕಾಗತ್ತೆ."

ಪ್ಯೊ ತೊದಲಿದ, "ಅಮ್ಮಾ, ಅದು..." ಆಮೇಲೆ ನನ್ನ ಮುಖ ನೋಡಿದ. ಕಿವಿ ಎರಡೂ ಕೆಂಪಾಗಿದ್ದವು. ತಪ್ಪು ಕಂಡರೆ ಬಿಡುವವಳಲ್ಲ ನಾನು ಎಂದು ಅವನಿಗೂ ಗೊತ್ತು.

ಬಾಯಿ ತೆರೆದೆ. "ಭಾರ ಇದೆ, ಆ ಕಡೆ ನೀವು ಹಿಡೀರಿ" ಎಂದೆ.

ತಿದ್ದುಪಡಿ ಹೇಳಬೇಕಿತ್ತು. ನಾಳೆ ಹೇಳಿದರಾಯಿತು.